ಅರಮನೆಯಿಂದ ಗ್ರಾಮಸಭೆಗೆ

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟ ಪ್ರಯಾಣಿಕನಿಗೆ ಒಂದು ಗಂಟೆಯೊಳಗಾಗಿ ಸಂಡೂರು ಎದುರಾಗುತ್ತದೆ. ಬೆಟ್ಟಗಳೇ ಕೋಟೆಯಾಗಿ ನಿಂತ ಊರು ಅದು. ನಾರಿಹಳ್ಳವು ಆ ಕೋಟೆಯನ್ನು ಎರಡು ಕಡೆ ಸೀಳಿಕೊಂಡು ಹರಿದು, ಭೀಮಗಂಡಿ, ಓಬಳಗಂಡಿಗಳೆಂಬ ಎರಡು ಹೆಬ್ಬಾಗಿಲುಗಳನ್ನು ತೆರೆದಿದೆ. ಈ ಬಾಗಿಲುಗಳ ಒಳಗೆ ಸುಮಾರು 160 ಚದರ ಮೈಲಿಗಳ ಪುಟ್ಟ ಸಂಸ್ಥಾನವೊಂದು 1949ರವರೆಗೂ ಬಾಳಿತು. ಅದರ ಕೊನೆಯ ದೊರೆ ಯಶವಂತರಾವ್ ಘೋರ್ಪಡೆಯವರು. ಅಸ್ಪೃಶ್ಯರೆಂದು ಹೊರಗಿಡಲ್ಪಟ್ಟಿದ್ದ ಜನರಿಗೆ ಕುಮಾರಸ್ವಾಮಿಯ ಗುಡಿಯ ಬಾಗಿಲನ್ನು 1932ರಲ್ಲಿಯೇ ತೆರೆಸಿದ ಕೀರ್ತಿ ಅವರದು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಾಗ ಯುವರಾಜ ಮುರಾರಿರಾಯರು ಇನ್ನೂ ಮೂರು ವರ್ಷವೂ ತುಂಬದ ಕೂಸು.

1931ರ ಡಿಸೆಂಬರ್ 7ರಂದು ಜನಿಸಿದ ಎಂ. ವೈ. ಘೋರ್ಪಡೆಯವರು ಆಳುವುದಕ್ಕೆಂದೇ ಹುಟ್ಟಿದವರು. ಆದರೆ ಅವರು ಪ್ರಾಪ್ತವಯಸ್ಕರಾಗುವಷ್ಟರಲ್ಲಿ ಆಳುವುದಕ್ಕೆ ರಾಜ್ಯವೇ ಉಳಿದಿರಲಿಲ್ಲ. ಸಂಡೂರು ಮೊದಲು ಮದ್ರಾಸು ಪ್ರಾಂತಕ್ಕೆ ಸೇರಿ, ಬಳಿಕ 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಬಂದಿತು. ಕೇಂಬ್ರಿಜ್ಜಿನಲ್ಲಿ ಅರ್ಥಶಾಸ್ತ್ರವನ್ನು ಅಭ್ಯಾಸಮಾಡಿ ಮರಳಿದ ತರುಣನ ಮುಂದೆ ಎರಡು ದಾರಿಗಳಿದ್ದವು. ಒಂದು, 1954ರಲ್ಲಿ ಸ್ಥಾಪಿತವಾದ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪೆನಿಯದು, ಇನ್ನೊಂದು, ಮತಪೆಟ್ಟಿಗೆಯದು. ಅವರು ಎರಡನ್ನೂ ಹಿಡಿದರು. ತಂದೆಯ ಕಾಲದಲ್ಲಿ ಅರಮನೆಗೆ ಬಂದು ಕೈಮುಗಿಯುತ್ತಿದ್ದ ಜನರ ಮನೆಬಾಗಿಲಿಗೆ ಮಗನೇ ಹೋಗಿ ಕೈಮುಗಿಯುವ ಕಾಲ ಬಂದಿತ್ತು. 1959ರಲ್ಲಿ ಅವರು ಮೈಸೂರು ವಿಧಾನಸಭೆಯನ್ನು ಪ್ರವೇಶಿಸಿದರು.

ಅವರ ಬಾಳಿನ ಅತ್ಯಂತ ಕಠಿಣ ಪರೀಕ್ಷೆ ಒದಗಿದುದು ಅಧಿಕಾರದಲ್ಲಿದ್ದಾಗಲೇ. 1972ರಲ್ಲಿ ದೇವರಾಜ ಅರಸರು ತಮ್ಮ ಸಂಪುಟದಲ್ಲಿ ಅವರಿಗೆ ಹಣಕಾಸಿನ ಖಾತೆಯನ್ನು ಒಪ್ಪಿಸಿದರು. 1977ರವರೆಗೆ ಆ ಖಾತೆ ಅವರ ಕೈಯಲ್ಲಿತ್ತು. ಆಯವ್ಯಯದ ಲೆಕ್ಕಗಳು ಇಂದು ಯಾರಿಗೂ ನೆನಪಿರಲಾರವು. ನೆನಪಿರುವುದು 1973ರ ಸಂಡೂರು ಸತ್ಯಾಗ್ರಹ. ಮಾಜಿ ದೊರೆಯ ಮನೆತನದ ವಶದಲ್ಲಿದ್ದ ಭೂಮಿಯನ್ನು ಸಾಗುವಳಿ ಮಾಡುವವರಿಗೆ ಕೊಡಬೇಕೆಂದು ಸಮಾಜವಾದಿಗಳು ರೈತರನ್ನು ಕೂಡಿಸಿಕೊಂಡು ಚಳವಳಿ ಹೂಡಿದರು. ಸನ್ನಿವೇಶದ ವಿಚಿತ್ರವನ್ನು ನೋಡಿ: ಉಳುವವನೇ ಹೊಲದೊಡೆಯನೆಂದು ಸಾರಲು ಹೊರಟ ಸರ್ಕಾರವೇ ಬೆಂಗಳೂರಿನಲ್ಲಿ ಕುಳಿತಿದೆ, ಅದರ ಅರ್ಥಸಚಿವರ ಮನೆತನದ ವಿರುದ್ಧ ಉಳುವವರು ಸಂಡೂರಿನಲ್ಲಿ ನಿಂತಿದ್ದಾರೆ! ತಿದ್ದುಪಡಿಗೊಂಡ ಭೂಸುಧಾರಣಾ ಕಾನೂನು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಘೋರ್ಪಡೆಯವರ ಗುಣಗಳನ್ನು ಹೊಗಳುವಾಗ ಈ ಪ್ರಕರಣವನ್ನು ಮೆಲ್ಲನೆ ದಾಟಿಬಿಡುವವರು ಉಂಟು. ಹಾಗೆ ದಾಟಿದರೆ ಅವರ ಚರಿತ್ರೆ ಅರ್ಧಕ್ಕೇ ನಿಂತಂತೆ.

ರಾಜಕಾರಣಿಯ ಕೈಯಲ್ಲಿ ಕ್ಯಾಮೆರಾ ಇರುವುದು ಅಪರೂಪ. ಘೋರ್ಪಡೆಯವರಿಗೆ ಅದು ಬರಿಯ ವಿನೋದವಾಗಿರಲಿಲ್ಲ. ಕಾಡಾನೆಗಳನ್ನೂ ಹಕ್ಕಿಗಳನ್ನೂ ಗಂಟೆಗಟ್ಟಲೆ ಕಾದು ಕಪ್ಪು-ಬಿಳುಪಿನಲ್ಲಿ ಅವರು ಸೆರೆಹಿಡಿದ ಚಿತ್ರಗಳು ದೇಶವಿದೇಶಗಳ ಪ್ರದರ್ಶನಗಳಲ್ಲಿ ಮನ್ನಣೆ ಪಡೆದವು. ವನ್ಯಜೀವಿಗಳನ್ನು ಕುರಿತ ಅವರ ಸಚಿತ್ರ ದಿನಚರಿ ಗ್ರಂಥರೂಪದಲ್ಲಿ 1983ರಲ್ಲಿ ಪ್ರಕಟವಾಯಿತು. ಕಾಡನ್ನು ಹೀಗೆ ಕಣ್ತುಂಬ ಕಂಡವರ ಮನೆತನದ ಕಂಪೆನಿಯೇ ಸಂಡೂರಿನ ಗುಡ್ಡಗಳಿಂದ ಅದಿರು ತೆಗೆಯುತ್ತಿತ್ತು ಎಂಬುದನ್ನೂ ಓದುಗರು ಗಮನಿಸಬೇಕು.

ಆದರೆ ಹಳ್ಳಿಗಾಡಿನಲ್ಲಿ ಅವರ ಹೆಸರು ಉಳಿದಿರುವುದು ಬೇರೊಂದು ಕಾರಣಕ್ಕೆ. ಅಬ್ದುಲ್ ನಜೀರ್‌ಸಾಬರ ಆಸಕ್ತಿಯಿಂದ ರೂಪುಗೊಂಡು 1987ರಲ್ಲಿ ಚುನಾವಣೆ ಕಂಡ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಅವಧಿ ಮುಗಿದ ಮೇಲೆ ಅನಾಥವಾಗಿದ್ದವು. ಆ ಹೊತ್ತಿನಲ್ಲಿ ಗ್ರಾಮೀಣಾಭಿವೃದ್ಧಿ ಹಾಗೂ ಪಂಚಾಯತ್ ರಾಜ್ ಖಾತೆ ಘೋರ್ಪಡೆಯವರದಾಯಿತು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದರೆ, ಕರ್ನಾಟಕದ ಹೊಸ ಪಂಚಾಯತ್ ರಾಜ್ ಅಧಿನಿಯಮ ಮೇ 10ರಂದೇ ಜಾರಿಗೆ ಬಂದಿತು. ದೊಡ್ಡ ಮಂಡಲಗಳ ಬದಲು ಐದರಿಂದ ಏಳು ಸಾವಿರ ಜನರಿಗೊಂದು ಗ್ರಾಮ ಪಂಚಾಯತಿ. ಸದಸ್ಯರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಸ್ತ್ರೀಯರು. ಅಧ್ಯಕ್ಷಸ್ಥಾನದಲ್ಲಿಯೂ ಅವರಿಗೆ ಪಾಲು. ಹಳೆಯ ವ್ಯವಸ್ಥೆಯಲ್ಲಿ ಚುನಾಯಿತರಿಗಿದ್ದ ಬಲ ಹೊಸದರಲ್ಲಿ ಕುಗ್ಗಿ, ಅಧಿಕಾರಿಗಳ ಹಿಡಿತ ಹೆಚ್ಚಿತೆಂಬ ಆಕ್ಷೇಪಣೆ ಆಗಲೇ ಎದ್ದಿತು. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ.

ಎಸ್. ಎಂ. ಕೃಷ್ಣರ ಸಂಪುಟದಲ್ಲಿ, 1999ರಿಂದ 2004ರವರೆಗೆ, ಅದೇ ಖಾತೆ ಮತ್ತೆ ಅವರನ್ನು ಅರಸಿ ಬಂದಿತು. ಆಗ ಕಾನೂನಿಗೆ ಮತ್ತೆ ತಿದ್ದುಪಡಿಯಾಯಿತು. ಗ್ರಾಮಸಭೆಗಳಿಗೆ ಬಲ ಬಂದಿತು. ಕಂದಾಯದವರ ಕಡತದಲ್ಲಿದ್ದ 'ಜಮಾಬಂದಿ' ಎಂಬ ಹಳೆಯ ಪದಕ್ಕೆ ಹೊಸ ಅರ್ಥ ಬಂದಿತು. ಕಂಪ್ಲಿ ಸೀಮೆಯ ಎಮ್ಮಿಗನೂರಾಗಲಿ, ಮಲೆನಾಡಿನ ಯಾವುದೋ ಮೂಲೆಯ ಹಳ್ಳಿಯಾಗಲಿ, ವರ್ಷಕ್ಕೊಮ್ಮೆ ಪಂಚಾಯತಿಯ ಲೆಕ್ಕದ ಪುಸ್ತಕಗಳನ್ನು ಜನರೆದುರು ಬಿಚ್ಚಿಡಬೇಕು. ಚರಂಡಿಗೆ ಎಷ್ಟು ಖರ್ಚಾಯಿತೆಂದು ಬರೆದಿದೆಯೋ ಆ ಚರಂಡಿಯನ್ನೇ ಹೋಗಿ ನೋಡಬೇಕು. ಪ್ರಜೆ ದೊರೆಗೆ ಲೆಕ್ಕ ಒಪ್ಪಿಸುವ ಪದ್ಧತಿ ಮಗ್ಗುಲು ಬದಲಿಸಿತ್ತು. ಎಲ್ಲ ಊರುಗಳಲ್ಲಿಯೂ ಜಮಾಬಂದಿ ಸಾಂಗವಾಗಿ ನಡೆಯಿತೆಂದು ಹೇಳಲಾಗದು. ಪುಸ್ತಕದಲ್ಲಿಯೇ ಮುಗಿದುಹೋದ ಊರುಗಳಿಗೆ ಬರವಿಲ್ಲ. ಆದರೂ ಕೇಳುವ ಹಕ್ಕು ಕಾನೂನಿನಲ್ಲಿ ಸೇರಿತು.

ಈ ನಡುವೆ ಸಂಡೂರಿನ ಕಣಿವೆಯೇ ಬೇರೆಯಾಗತೊಡಗಿತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಂತೆ ಲಾರಿಗಳ ಸಾಲು ಬೆಳೆಯಿತು. ರಸ್ತೆಬದಿಯ ಮರಗಳೂ ಮನೆಗಳ ಗೋಡೆಗಳೂ ಕೆಂಪಾದವು. ಲೋಕಾಯುಕ್ತರು ಅಕ್ರಮ ಗಣಿಗಾರಿಕೆಯನ್ನು ಕುರಿತು ವರದಿ ಒಪ್ಪಿಸಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿಗಳ ಸಾಲು ಕರಗಿತು. ಅದಕ್ಕೆ ಸರಿಯಾಗಿ ಮೂರು ತಿಂಗಳಿಗೆ, ಅಕ್ಟೋಬರ್ 29ರಂದು, ಘೋರ್ಪಡೆಯವರು ತಮ್ಮ 79ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು.