ಲಾರಿ ಸ್ಟಾರ್ಟ್ ಆಗದಿದ್ದರೆ ಪಂಪ್ ಬಿಚ್ಚುವ ಮೊದಲು ಹೊಗೆ ನೋಡಿ

ನಮ್ಮಲ್ಲಿ ಎಷ್ಟೋ ಮನೆಗಳು ಲಾರಿ ಬಾಡಿಗೆಯಿಂದಲೇ ನಡೆಯುತ್ತವೆ. ದಕ್ಕೆಯಿಂದ ಮೀನು ಹೇರಿಕೊಂಡು ಹೊರಡಬೇಕಾದ ಗಾಡಿ ಮುಂಜಾನೆ ಸ್ಟಾರ್ಟ್ ಆಗದೆ ನಿಂತರೆ ಐಸ್ ಕರಗುತ್ತದೆ, ಮಾರ್ಕೆಟ್ ತಪ್ಪುತ್ತದೆ. ಆ ಗಡಿಬಿಡಿಯಲ್ಲಿ "ಬ್ಯಾಟರಿ ಹೋಗಿದೆ ಕಾಕ" ಅಂತ ಒಬ್ಬ, "ಪಂಪೇ ಬಿಚ್ಚಬೇಕು" ಅಂತ ಇನ್ನೊಬ್ಬ. ಎರಡಕ್ಕೂ ಸಾವಿರಗಟ್ಟಲೆ ಖರ್ಚು. ಕೊನೆಗೆ ನೋಡಿದರೆ ಎಷ್ಟೋ ಸಲ ಕಾರಣ ಒಂದು ಸಣ್ಣ ವಾಷರ್!

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಒತ್ತಿದ ಗಾಳಿ ಕಾದು, ಅದರ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದದ್ದು ಮೂರು: ಎಂಜಿನ್ ಜೋರಾಗಿ ತಿರುಗಬೇಕು, ಡೀಸೆಲ್ ಬರಬೇಕು, ಗಾಳಿ ಸರಿಯಾಗಿ ಒತ್ತಬೇಕು. ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು ಸೆಲ್ಫ್. ದೊಡ್ಡ ಲಾರಿಗಳಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಚಾರ್ಜ್ ತುಂಬಿದ್ದರೆ ಮೀಟರ್ 25 ದಾಟಿ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 19ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ದುರ್ಬಲ ಅಂತ ಅನುಮಾನ ಪಡಬಹುದು. ವೋಲ್ಟ್ ಸರಿ ಇದ್ದೂ ಸೆಲ್ಫ್ ನಿಧಾನ ತಿರುಗಿದರೆ ಟರ್ಮಿನಲ್, ಅರ್ತ್ ಕೇಬಲ್ ಬಿಚ್ಚಿ ಉಜ್ಜಿ ನೋಡಿ. ನಮ್ಮ ಕಡಲ ಗಾಳಿಗೆ ಅವು ಬೇಗ ತುಕ್ಕು ಹಿಡಿಯುತ್ತವೆ.

ಸೆಲ್ಫ್ ಚೆನ್ನಾಗಿ ತಿರುಗಿದರೆ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಹಗಲು ಸರಿ ಇದ್ದು, ರಾತ್ರಿ ನಿಂತ ಮೇಲೆ ಮಾತ್ರ ತೊಂದರೆ ಕೊಡುವ ಗಾಡಿಯಲ್ಲಿ ಹೆಚ್ಚಾಗಿ ಲೈನ್ ಏರ್ ಹಿಡಿದು ಡೀಸೆಲ್ ಟ್ಯಾಂಕಿಗೆ ವಾಪಸು ಇಳಿದಿರುತ್ತದೆ. ಸೆಲ್ಫ್ ಹೊಡೆಯುವ ಮೊದಲು ಹ್ಯಾಂಡ್ ಪಂಪ್ ಒತ್ತಿ. ಮೊದಲು ಸಡಿಲವಾಗಿದ್ದು ಆಮೇಲೆ ಬಿಗಿಯಾಗಿ, ಗಾಡಿ ತಕ್ಷಣ ಸ್ಟಾರ್ಟ್ ಆದರೆ ಪಂಪ್ ಬಿಚ್ಚುವ ಅಗತ್ಯವಿಲ್ಲ. ಟ್ಯಾಂಕಿನಿಂದ ಬರುವ ಪೈಪ್, ಬೋಲ್ಟಿನ ವಾಷರ್, ಫಿಲ್ಟರ್ ಸೀಲ್ ನೋಡಿಸಿ. ಈ ಭಾಗ ಗಾಳಿಯನ್ನು ಒಳಗೆ ಎಳೆಯುವುದರಿಂದ ಹೊರಗೆ ಒಂದು ಹನಿಯೂ ಸೋರದೆ ಇರಬಹುದು.

ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಮಳೆಗಾಲದಲ್ಲಿ ಮೊದಲು ಫಿಲ್ಟರಿನ ಕೆಳಗಿನ ನೀರು ಬಿಟ್ಟು ನೋಡಿ. ನೀರಿಲ್ಲದಿದ್ದರೆ ನೋಜಲ್, ಟೈಮಿಂಗ್, ಕಂಪ್ರೆಷನ್ ಚೆಕ್ ಮಾಡಿಸಬೇಕು. ಅದು ಮೆಕ್ಯಾನಿಕ್ ಕೆಲಸ.

ಮೂರು ಎಚ್ಚರಿಕೆ. ಸೆಲ್ಫ್ ಒಂದು ಸಲಕ್ಕೆ 15 ಸೆಕೆಂಡ್‌ಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಎರಡು ನಿಮಿಷ ಬಿಡಿ. ಇಲ್ಲದಿದ್ದರೆ ಮೋಟಾರೇ ಸುಟ್ಟುಹೋಗುತ್ತದೆ. ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಸ್ಪ್ರೇ ಹೊಡೆಯುವುದು ಬೇಡವೇ ಬೇಡ. ಬೆಂಕಿ ಹತ್ತಬಹುದು, ಪಿಸ್ಟನ್ ರಿಂಗ್ ಮುರಿಯಬಹುದು. 2020ರ ನಂತರದ ಬಿಎಸ್-6 ಗಾಡಿಗಳಲ್ಲಿ ನೋಜಲ್ ಪೈಪ್ ಸಡಿಲಿಸಲೇಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಅವನ್ನು ಸ್ಕ್ಯಾನರ್ ಹಾಕಿಯೇ ನೋಡಬೇಕು.

ಗ್ಯಾರೇಜಿಗೆ ಹೋದಾಗ "ಸ್ಟಾರ್ಟಿಂಗ್ ಟ್ರಬಲ್" ಅಂತ ಮಾತ್ರ ಹೇಳಬೇಡಿ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಸೆಲ್ಫ್ ಹೇಗೆ ತಿರುಗಿತು, ಹೊಗೆ ಯಾವ ಬಣ್ಣ, ಹ್ಯಾಂಡ್ ಪಂಪ್ ಒತ್ತಿದಾಗ ಏನಾಯಿತು ಎಂಬ ನಾಲ್ಕು ವಿಷಯ ಹೇಳಿ. ಇದಿಷ್ಟು ಗೊತ್ತಾದರೆ ಒಳ್ಳೆಯ ಮೆಕ್ಯಾನಿಕ್ ಸುಮ್ಮನೆ ಪಂಪಿಗೆ ಕೈ ಹಾಕುವುದಿಲ್ಲ. ಮನೆಯಲ್ಲಿ ಗಾಡಿ ಓಡಿಸುವವರು ಇದ್ದರೆ ಅವರಿಗೂ ಇದನ್ನು ಓದಿ ಹೇಳಿ.