ಸಮಸಮವಾದ ಪಂದ್ಯವೂ ಹೆಚ್ಚಿನ ಅರ್ಧ ಗಂಟೆಯೂ

ಕಾಲ್ಚೆಂಡಾಟದಲ್ಲಿ ತೊಂಬತ್ತು ನಿಮಿಷಗಳು ಮುಗಿದು ಎರಡು ತಂಡಗಳೂ ಸಮಸಮವಾಗಿ ನಿಂತರೆ ಗೆದ್ದವರಾರೆಂದು ನಿರ್ಣಯಿಸುವ ಬಗೆ ಹೇಗೆ? ಲೀಗ್ ಪಂದ್ಯವಾದರೆ ತಲಾ ಒಂದು ಅಂಕವನ್ನಿತ್ತು ಮನೆಗೆ ಕಳುಹಿಸಬಹುದು. ಸೋತವರು ಹೊರಬೀಳಲೇಬೇಕಾದ ಪಂದ್ಯದಲ್ಲಿ ಆ ಸೌಲಭ್ಯವಿಲ್ಲ. 1968ರ ಜೂನ್ 5ರಂದು ನೇಪಲ್ಸ್ ನಗರದಲ್ಲಿ ಇಟಲಿ ಮತ್ತು ಸೋವಿಯತ್ ಒಕ್ಕೂಟಗಳು ಯೂರೋಪು ಖಂಡದ ಸ್ಪರ್ಧೆಯ ಉಪಾಂತ್ಯ ಪಂದ್ಯವನ್ನಾಡಿದವು. ನೂರಿಪ್ಪತ್ತು ನಿಮಿಷಗಳಾದರೂ ಒಂದು ಗೋಲೂ ಬರಲಿಲ್ಲ. ಕಡೆಗೆ ನಾಣ್ಯವನ್ನು ಚಿಮ್ಮಿ ಇಟಲಿಯನ್ನು ಮುಂದಕ್ಕೆ ಕಳುಹಿಸಿದರು. ಇಟಲಿಯೇ ಆ ವರ್ಷದ ಪ್ರಶಸ್ತಿಯನ್ನೂ ಪಡೆಯಿತು. ಇಂತಹ ಜಯದಿಂದ ಗೆದ್ದವರಿಗೂ ಪೂರ್ಣ ತೃಪ್ತಿಯಿರಲಾರದು. 1970ರಲ್ಲಿ ನಾಣ್ಯದ ಸ್ಥಾನಕ್ಕೆ ಪೆನಾಲ್ಟಿ ಒದೆತಗಳ ಸರದಿ ಬಂದಿತು.

ಅಂದಿನಿಂದ ಈ ಹೆಚ್ಚಿನ ಅರ್ಧ ಗಂಟೆಯನ್ನು ನಿಯಮಕಾರರು ಹಲವು ಬಾರಿ ತಿದ್ದಿದ್ದಾರೆ. ಅದನ್ನು ತೆಗೆದೇ ಹಾಕಬೇಕೆನ್ನುವವರೂ ಇದ್ದಾರೆ. 2024ರಲ್ಲಿ ನಡೆದ ದಕ್ಷಿಣ ಅಮೆರಿಕದ ಕೋಪಾ ಅಮೆರಿಕ ಸ್ಪರ್ಧೆಯಲ್ಲಿ ಅಂತಿಮ ಪಂದ್ಯವೊಂದನ್ನುಳಿದು ಮಿಕ್ಕ ಹೊರಬೀಳುವ ಪಂದ್ಯಗಳಿಗೆ ಹೆಚ್ಚಿನ ಕಾಲವೇ ಇರಲಿಲ್ಲ; ಸಮವಾದರೆ ನೇರವಾಗಿ ಪೆನಾಲ್ಟಿ. ಬೆಂಗಳೂರಿನಿಂದ ಐನೂರು ಕಿಲೋಮೀಟರುಗಳಿಗೂ ದೂರದ ವಿಜಯಪುರದಲ್ಲಿ ಕುಳಿತು, ರಾಜಧಾನಿಯ ತಂಡದ ಜಯಾಪಜಯಗಳನ್ನು ತೆರೆಯ ಮೇಲೆ ನೋಡಿ ಹಿಗ್ಗಿ ಕುಗ್ಗುವ ನಮ್ಮಂತಹವರಿಗೆ ಈ ಸೂಚನೆ ಹಿಡಿಸಿಲ್ಲ. ಅದಕ್ಕೆ ಕೇವಲ ಅಭಿಮಾನವೇ ಕಾರಣವಲ್ಲ, ಸ್ವಲ್ಪ ಗಣಿತವೂ ಇದೆ.

2023ನೆಯ ಇಸವಿ ಬೆಂಗಳೂರು ಎಫ್.ಸಿ. ತಂಡಕ್ಕೆ ಈ ವಿಷಯದಲ್ಲಿ ಒಂದು ಪಾಠಶಾಲೆಯೇ ಆಗಿತ್ತು. ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪಂದ್ಯವು ಗೋಲಿಲ್ಲದೆ ಹೆಚ್ಚಿನ ಕಾಲಕ್ಕೆ ಬೆಳೆಯಿತು. ಆ ಕಾಲದ ಮೊದಲ ಹತ್ತು ನಿಮಿಷಗಳೊಳಗೇ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮುನ್ನವೇ, ಸುನಿಲ್ ಛೆಟ್ರಿಯವರು ಫ್ರೀ ಕಿಕ್ಕನ್ನು ಒದ್ದು ಗೋಲು ಗಳಿಸಿದರು. ಬ್ಲಾಸ್ಟರ್ಸ್ ತಂಡವು ಪ್ರತಿಭಟಿಸಿ ಮೈದಾನವನ್ನೇ ಬಿಟ್ಟು ನಡೆಯಿತು. ಆ ಗೋಲು ನ್ಯಾಯವೋ ಅಲ್ಲವೋ ಎಂಬ ಜಗಳ ಇಂದಿಗೂ ತೀರಿಲ್ಲ, ನಮ್ಮಿಂದ ತೀರುವುದೂ ಇಲ್ಲ. ಆದರೆ ಒಂದನ್ನು ಗಮನಿಸಬೇಕು: ಅವರು ಹೊರನಡೆದಾಗ ಇನ್ನೂ ಇಪ್ಪತ್ತು ನಿಮಿಷಗಳಿಗೂ ಹೆಚ್ಚಿನ ಆಟ ಉಳಿದಿತ್ತು. ಸರಿಗಟ್ಟುವ ಅವಕಾಶವನ್ನು ನಿಯಮವು ಅವರಿಗೆ ಕೊಟ್ಟಿತ್ತು. ಹಿಂದೊಮ್ಮೆ ಜಾರಿಯಲ್ಲಿದ್ದ ‘ಸುವರ್ಣ ಗೋಲು’ ನಿಯಮವು ಅಂದು ಇದ್ದಿದ್ದರೆ ಆ ವಿವಾದದ ಗೋಲೇ ಪಂದ್ಯದ ಕೊನೆಯಾಗುತ್ತಿತ್ತು.

ಸುವರ್ಣ ಗೋಲೆಂದರೆ, ಹೆಚ್ಚಿನ ಕಾಲದಲ್ಲಿ ಮೊದಲು ಗೋಲು ಹೊಡೆದವರು ಆ ಕ್ಷಣವೇ ಗೆದ್ದರು ಎಂಬ ಏರ್ಪಾಡು. 1993ರಲ್ಲಿ ಇದು ಜಾಗತಿಕ ಸ್ಪರ್ಧೆಗಳಿಗೆ ಬಂದಿತು. 1996ರ ಯೂರೋಪು ಪ್ರಶಸ್ತಿಯನ್ನು ಜರ್ಮನಿಯ ಬೀರ್ಹಾಫ್, 2000ದ ಪ್ರಶಸ್ತಿಯನ್ನು ಫ್ರಾನ್ಸಿನ ಟ್ರೆಝಗೆ ಹೀಗೆಯೇ ಒಂದೇ ಒದೆತದಿಂದ ತೀರ್ಮಾನಿಸಿದರು. ಅನಂತರ ‘ರಜತ ಗೋಲು’ ಎಂಬ ಮಧ್ಯಮಾರ್ಗವೊಂದು ಸ್ವಲ್ಪ ಕಾಲ ನಡೆಯಿತು. ಮುನ್ನಡೆ ಪಡೆದ ತಂಡವು ಆ ಹದಿನೈದು ನಿಮಿಷಗಳ ಭಾಗ ಮುಗಿಯುವವರೆಗೆ ಅದನ್ನು ಕಾಯ್ದುಕೊಂಡರೆ ಜಯ. 2004ರಲ್ಲಿ ಚಿನ್ನ ಬೆಳ್ಳಿಗಳೆರಡನ್ನೂ ಕೈಬಿಟ್ಟರು.

ಕಾಗದದ ಮೇಲೆ ಸುವರ್ಣ ಗೋಲು ಸೊಗಸಾದ ಉಪಾಯವೇ ಸರಿ. ಲೆಕ್ಕ ಹಾಕಿ ನೋಡೋಣ. ತೊಂಬತ್ತು ನಿಮಿಷಗಳ ಪಂದ್ಯದಲ್ಲಿ ಸರಾಸರಿ 2.6 ಗೋಲುಗಳು ಬರುತ್ತವೆಂದು ಹಿಡಿಯೋಣ. ಆಗ ಯಾವುದೇ ಒಂದು ನಿಮಿಷದಲ್ಲಿ ಗೋಲಾಗುವ ಸಂಭವ ನೂರಕ್ಕೆ ಮೂರರಷ್ಟು, ಆಗದಿರುವ ಸಂಭವ ತೊಂಬತ್ತೇಳರಷ್ಟು. ಈ 0.97 ಎಂಬ ಸಂಖ್ಯೆಯನ್ನು ತನ್ನಿಂದಲೇ ಮೂವತ್ತು ಸಲ ಗುಣಿಸುತ್ತ ಹೋದರೆ ಅರ್ಧ ಗಂಟೆಯಲ್ಲಿ ಒಂದೂ ಗೋಲಾಗದ ಸಂಭವ ದೊರೆಯುತ್ತದೆ. ದಶಾಂಶಗಳನ್ನು ಬಿಡದೆ ಮಾಡಿದರೆ ಅದು ನೂರಕ್ಕೆ ಸುಮಾರು 42. ಅಂದರೆ ಸುವರ್ಣ ಗೋಲಿನ ನಿಯಮದಲ್ಲಿ ನೂರು ಪಂದ್ಯಗಳಲ್ಲಿ 42 ಮಾತ್ರ ಪೆನಾಲ್ಟಿಗೆ ಹೋಗಬೇಕು. ಪೂರ್ತಿ ಅರ್ಧ ಗಂಟೆ ಆಡಿಸಿದರೆ ಒಂದೊಂದು, ಎರಡೆರಡು ಗೋಲುಗಳ ಸಮಸ್ಥಿತಿಗಳೂ ಸೇರುವುದರಿಂದ ಸಮಬಲದ ತಂಡಗಳ ನಡುವೆ ಈ ಸಂಖ್ಯೆ 50ಕ್ಕೆ ಏರುತ್ತದೆ.

ಹಾಗಾದರೆ ಚಿನ್ನವನ್ನು ಬಿಟ್ಟದ್ದೇಕೆ? ನಮ್ಮ ಲೆಕ್ಕದಲ್ಲಿ ಅಡಗಿರುವ ಒಂದು ಊಹೆಯನ್ನು ಇಲ್ಲಿ ಬಯಲಿಗೆಳೆಯಬೇಕು. ಟಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿಯನ್ನು ಒಣಗಿಸುವ ರೈತರು ಅಕಾಲ ಮಳೆಗೆ ಅಂಜುತ್ತಾರೆ. ಅದು ಯಾವ ದಿನ ಬಂದೀತೆಂದು ಅವರು ಹೇಳಲಾರರು. ಆದರೆ ಬಹು ವರ್ಷಗಳ ಅನುಭವದಿಂದ ಎಷ್ಟು ವರ್ಷಕ್ಕೊಮ್ಮೆ ಬಂದೀತೆಂದು ಅಂದಾಜು ಮಾಡಬಲ್ಲರು. ಗೋಲುಗಳನ್ನೂ ನಾವು ಇಂತಹ ಮಳೆಯಂತೆಯೇ ಎಣಿಸಿದೆವು. ಹೋಲಿಕೆ ಇಲ್ಲಿಗೇ ಮುರಿಯುತ್ತದೆ. ರೈತನು ಶೆಡ್ಡಿಗೆ ತಾಡಪತ್ರಿ ಹೊದಿಸಿದನೆಂದು ಮಳೆ ತನ್ನ ಸ್ವಭಾವವನ್ನು ಬದಲಿಸಿಕೊಳ್ಳುವುದಿಲ್ಲ. ಆಟಗಾರನಾದರೋ ನಿಯಮವನ್ನು ಓದಬಲ್ಲ! ಒಂದೇ ತಪ್ಪಿಗೆ ಮರಣದಂಡನೆಯೆಂದು ತಿಳಿದ ತಂಡವು ಮುಂದೆ ನುಗ್ಗಲು ಹಿಂಜರಿದು ತನ್ನ ಗೋಲಿನ ಮುಂದೆಯೇ ಕೋಟೆ ಕಟ್ಟುತ್ತದೆ. ಈ ಭಯದಿಂದ ಗೋಲಿನ ವೇಗವು ಕಾಲುಭಾಗ ಕುಗ್ಗಿತೆಂದು ಹಿಡಿದರೆ, ಗೋಲಿಲ್ಲದ ಅರ್ಧ ಗಂಟೆಯ ಸಂಭವವು ನೂರಕ್ಕೆ 42ರಿಂದ 52ಕ್ಕೆ ಜಿಗಿಯುತ್ತದೆ. ಅಲ್ಲಿಗೆ ಸುವರ್ಣ ಗೋಲಿನ ಲಾಭವೆಲ್ಲ ಕರಗಿಹೋಯಿತು. ಪ್ರಯೋಗಶಾಲೆಯಲ್ಲಿ ಬಿಸಿನೀರಿನ ಪುಟ್ಟ ಪಾತ್ರೆಗೆ ದೊಡ್ಡ ತಣ್ಣನೆಯ ಉಷ್ಣಮಾಪಕವನ್ನಿಟ್ಟರೆ ನೀರೇ ತಣ್ಣಗಾಗುವಂತೆ, ಇಲ್ಲಿ ಅಳೆಯುವ ಸಾಧನವೇ ಅಳೆಯಬೇಕಾದುದನ್ನು ಕೆಡಿಸುತ್ತದೆ.

ಹೆಚ್ಚಿನ ಕಾಲವನ್ನು ತೆಗೆದುಹಾಕುವ ಸೂಚನೆಗೂ ಇದೇ ಪರೀಕ್ಷೆಯನ್ನು ಒಡ್ಡಬೇಕು. ಪೆನಾಲ್ಟಿ ಮೂವತ್ತು ನಿಮಿಷ ಹತ್ತಿರ ಬಂದರೆ, ದುರ್ಬಲ ತಂಡವು ಎಪ್ಪತ್ತನೆಯ ನಿಮಿಷದಿಂದಲೇ ಅದಕ್ಕಾಗಿ ಕಾಯತೊಡಗುವುದಿಲ್ಲವೇ? ಆಟಗಾರರ ದಣಿವು ನಿಜವಾದ ಆಕ್ಷೇಪಣೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಅದಕ್ಕೆಂದೇ ಈಗ ಹೆಚ್ಚಿನ ಕಾಲದಲ್ಲಿ ಇನ್ನೊಬ್ಬ ಬದಲಿ ಆಟಗಾರನನ್ನು ಇಳಿಸಲು ಅವಕಾಶವಿದೆ. ಬೇಕಾದರೆ ಇನ್ನಿಬ್ಬರನ್ನು ಇಳಿಸಲಿ.

ಏಕೆಂದರೆ ಪೆನಾಲ್ಟಿ ಅಳೆಯುವುದು ಬೇರೊಂದನ್ನೇ. ಹನ್ನೊಂದು ಮೀಟರ್ ದೂರದಿಂದ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು 0.4 ಸೆಕೆಂಡಿನಲ್ಲಿ ಗೋಲನ್ನು ಮುಟ್ಟುತ್ತದೆ. ಕಣ್ಣು ಕಂಡದ್ದಕ್ಕೆ ದೇಹವು ಸ್ಪಂದಿಸಲು ಅದರಲ್ಲಿ ಅರ್ಧದಷ್ಟು ಕಾಲ ಬೇಕು. ಗೋಲಿನ ಅಗಲ 7.32 ಮೀಟರ್, ನಡುವಿನಲ್ಲಿ ನಿಂತ ಗೋಲಿಯು ಉಳಿದ 0.2 ಸೆಕೆಂಡಿನಲ್ಲಿ ಮೂಲೆಯವರೆಗೆ ಹಾರುವುದು ಅಸಾಧ್ಯ. ಆದುದರಿಂದ ಅವನು ಮೊದಲೇ ಊಹಿಸಿ ಹಾರುತ್ತಾನೆ. ಇದರಲ್ಲಿ ಕೌಶಲವಿಲ್ಲವೆಂದಲ್ಲ, ಹನ್ನೊಂದು ಜನರು ಕೂಡಿ ಆಡುವ ಆಟದ ಕೌಶಲವಿಲ್ಲ. 2023ರ ಮಾರ್ಚ್ 18ರಂದು ಗೋವೆಯಲ್ಲಿ ಲೀಗಿನ ಅಂತಿಮ ಪಂದ್ಯವು 2-2 ಆಗಿ, ಬೆಂಗಳೂರು ತಂಡವು ಮೋಹನ್ ಬಗಾನಿಗೆ ಪೆನಾಲ್ಟಿಯಲ್ಲಿ 3-4ರಿಂದ ಸೋತಿತು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದರೆ ವಾಚಕರು ಮನ್ನಿಸಬೇಕು.

ಪೆನಾಲ್ಟಿ ಅನಿವಾರ್ಯವಾದಲ್ಲಿ ಅದನ್ನಾದರೂ ಸಮವಾಗಿ ನಡೆಸಬೇಕು. ಮೊದಲು ಒದೆಯುವ ತಂಡಕ್ಕೆ ಅನುಕೂಲವೆಂಬ ಶಂಕೆ ಹಳೆಯದು. 2010ರಲ್ಲಿ ಪ್ರಕಟವಾದ, 129 ಸರದಿಗಳ ಅಧ್ಯಯನವೊಂದು ಮೊದಲಿಗರು ನೂರಕ್ಕೆ 60.5ರಷ್ಟು ಗೆದ್ದರೆಂದಿತು. ಎರಡು ವರ್ಷಗಳ ಬಳಿಕ 540 ಸರದಿಗಳನ್ನು ಪರಿಶೀಲಿಸಿದ ಇತರರಿಗೆ ದೊರೆತದ್ದು 53.3 ಮಾತ್ರ. ದೋಷರಹಿತ ನಾಣ್ಯವನ್ನು 540 ಬಾರಿ ಚಿಮ್ಮಿದರೂ ಫಲಿತಾಂಶವು ಐವತ್ತರಿಂದ ಎರಡಂಶ ಅತ್ತಿತ್ತ ಸರಿಯುವುದು ಸಹಜವಾದ್ದರಿಂದ ಇದನ್ನು ದೃಢವಾದ ಸಾಕ್ಷ್ಯವೆನ್ನಲಾಗದು. ಆದರೂ ಶಂಕೆಯನ್ನು ನಿವಾರಿಸುವ ಉಪಾಯಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಟೆನಿಸ್ಸಿನ ಟೈಬ್ರೇಕಿನಂತೆ ‘ನಾವು–ನೀವು, ನೀವು–ನಾವು’ ಎಂದು ಪ್ರತಿ ಜೋಡಿಯಲ್ಲೂ ಸರದಿಯನ್ನು ತಿರುಗಿಸಿದರಾಯಿತು. 2017ರಲ್ಲಿ ಇದನ್ನು ಪ್ರಯೋಗಿಸಿದರು; ಮರುವರ್ಷ, ತೊಡಕೆಂದು ಹೇಳಿ ಕೈಬಿಟ್ಟರು. ನಮಗಂತೂ ಆ ತೊಡಕು ಕಾಣುವುದಿಲ್ಲ.

2023ರ ಜುಲೈ 4ರಂದು ಅದೇ ಕಂಠೀರವದಲ್ಲಿ ದಕ್ಷಿಣ ಏಷ್ಯದ ಸ್ಪರ್ಧೆಯ ಅಂತಿಮ ಪಂದ್ಯವನ್ನು ಭಾರತ ಕುವೈತ್ ತಂಡಗಳು 1-1ರಲ್ಲಿ ಮುಗಿಸಿದವು. ಪೆನಾಲ್ಟಿಯಲ್ಲಿ ಪ್ರತಿ ಜೋಡಿಯಲ್ಲೂ ಭಾರತವೇ ಮೊದಲು ಒದೆಯಿತು. ಐದು ಜೋಡಿಗಳ ಬಳಿಕ 4-4. ಆರನೆಯದರಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದರು. ತಪ್ಪಿದರೆ ಎಲ್ಲ ಮುಗಿಯಿತೆಂಬ ಸ್ಥಿತಿಯಲ್ಲಿ ಒದೆದ ಕುವೈತಿನ ನಾಯಕನ ಚೆಂಡನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಸರದಿ ತಿರುಗುವ ನಿಯಮವಿದ್ದಿದ್ದರೆ ಆ ಆರನೆಯ ಜೋಡಿಯಲ್ಲಿ ಮೊದಲು ಒದೆಯುವ ಹಕ್ಕು ಕುವೈತಿನದಾಗುತ್ತಿತ್ತು.