ಹಗುರ ರಿವಾಲ್ವರು, ಭಾರದ ಗುಂಡು

1971ರ ‘ಡರ್ಟಿ ಹ್ಯಾರಿ’ ಚಿತ್ರವನ್ನು ಕಂಡ ವಾಚಕರಿಗೆ ಮ್ಯಾಗ್ನಮ್ ಎಂಬ ಹೆಸರು ಅಪರಿಚಿತವಲ್ಲ. ಅದರ ನಾಯಕನು ಹಿಡಿದ ರಿವಾಲ್ವರು ಒಂದೂಕಾಲು ಕಿಲೋಗ್ರಾಮಿಗೂ ಮಿಕ್ಕ ಉಕ್ಕಿನ ಆಯುಧ. ಮ್ಯಾಗ್ನಮ್ ವಂಶದ ಮೊದಲನೆಯದಾದ .357 ತೋಟಾ 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದಾಗಲೂ ಅದನ್ನು ಹಾರಿಸಲು ದಪ್ಪ ಚೌಕಟ್ಟಿನ ರಿವಾಲ್ವರನ್ನೇ ನಿರ್ಮಿಸಿದ್ದರು. ಈಗ ಕಾಲ ಬದಲಾಗಿದೆ. ಅದೇ .357 ತೋಟಾವನ್ನು ಹಾರಿಸುವ, ಆದರೆ 350 ಗ್ರಾಮನ್ನೂ ತೂಗದ ರಿವಾಲ್ವರುಗಳನ್ನು ಸ್ಕ್ಯಾಂಡಿಯಂ ಬೆರೆತ ಅಲ್ಯುಮಿನಿಯಂ ಮತ್ತು ಟೈಟಾನಿಯಂಗಳಿಂದ ಅಲ್ಲಿ ತಯಾರಿಸಿದ್ದಾರೆ. ಇಡೀ ದಿನ ಜೇಬಿನಲ್ಲಿಟ್ಟು ಓಡಾಡಿದರೂ ಭಾರವೆನಿಸದು.

ಕೊಂಡವನಿಗೆ ಸಹಜವಾಗಿಯೇ ಒಂದು ಆಸೆ ಮೂಡುತ್ತದೆ: ಆಯುಧ ಚಿಕ್ಕದಾದರೇನು, ಗುಂಡು ಭಾರವಾಗಿರಲಿ! ಗುಂಡಿನ ತೂಕವನ್ನು ಗ್ರೇನುಗಳಲ್ಲಿ ಹೇಳುವುದು ಅಲ್ಲಿಯ ಪದ್ಧತಿ. 7000 ಗ್ರೇನುಗಳಿಗೆ ಒಂದು ಪೌಂಡು. ಈ ತೋಟಾಕ್ಕೆ 158 ಗ್ರೇನಿನ, ಎಂದರೆ ಸುಮಾರು 10 ಗ್ರಾಮಿನ ಗುಂಡು ರೂಢಿಯಲ್ಲಿದೆ, ಅದಕ್ಕೂ ಭಾರವಾದವುಗಳುಂಟು.

ಆದರೆ ತೊಡಕು ಇಲ್ಲಿಯೇ ಇದೆ. ಒಂದೇ ತೋಟಾವನ್ನು ಮೂರನೆಯ ಒಂದು ಪಾಲು ತೂಕದ ರಿವಾಲ್ವರಿನಿಂದ ಹಾರಿಸಿದರೆ ಹಿಂದೊದೆತದ ಶಕ್ತಿ ಮೂರು ಪಟ್ಟಾಗುತ್ತದೆ. ಅಂಗೈ ನೊಂದರೆ ಸಹಿಸಿಕೊಳ್ಳಬಹುದು. ಸಿಲಿಂಡರಿನಲ್ಲಿ ಸರದಿ ಕಾದಿರುವ ಉಳಿದ ತೋಟಾಗಳ ಗತಿಯೇನು? ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ತುಂಬಿದ ಲೋಟಗಳಿರುವ ತಟ್ಟೆಯನ್ನು ಸರಕ್ಕನೆ ಎಳೆದರೆ ತಟ್ಟೆ ಬರುತ್ತದೆ, ಲೋಟ ಹಿಂದುಳಿಯುತ್ತದೆ. ಅಂತೆಯೇ ರಿವಾಲ್ವರು ರಭಸದಿಂದ ಹಿಂದಕ್ಕೆ ಸರಿದಾಗ ತೋಟಾದ ಹಿತ್ತಾಳೆಯ ಕೋಶವೂ ಅದರೊಡನೆ ಸರಿಯುತ್ತದೆ. ತುದಿಯ ಗುಂಡು ಮಾತ್ರ ಇದ್ದಲ್ಲಿಯೇ ನಿಲ್ಲಲು ಹವಣಿಸಿ ಕೋಶದಿಂದ ಹೊರಜಾರುತ್ತದೆ. ಭಾರವಾದ ಗುಂಡಿಗೆ ಈ ಹಠ ಹೆಚ್ಚು. ಕಾರ್ಖಾನೆಯಲ್ಲಿ ಕೋಶದ ಬಾಯನ್ನು ಅದುಮಿ ಬಿಗಿಮಾಡಿರುವುದು ಇದನ್ನು ತಡೆಯಲೆಂದೇ. ಆ ಬಿಗಿ ಸಾಲದಿದ್ದರೆ ಗುಂಡಿನ ಮೂತಿ ಸಿಲಿಂಡರಿನಿಂದ ಹೊರಚಾಚಿ ಚೌಕಟ್ಟಿಗೆ ತಗುಲುತ್ತದೆ. ಸಿಲಿಂಡರು ಮತ್ತೆ ತಿರುಗದು. ಪ್ರಾಣರಕ್ಷಣೆಗೆಂದು ಕೊಂಡವನು ಆಪತ್ತಿನ ಗಳಿಗೆಯಲ್ಲಿ ಒಂದೆರಡು ಗುಂಡು ಹಾರಿಸಿ, ನಿರುಪಯುಕ್ತ ಲೋಹದ ತುಂಡೊಂದನ್ನು ಹಿಡಿದು ನಿಲ್ಲಬೇಕಾಗುತ್ತದೆ.

ಹಾಗಾದರೆ ತೀರ ಹಗುರ ಗುಂಡು ಸಾಕೆನ್ನೋಣವೇ? ಅದೂ ಸಲ್ಲದು. ಸ್ಮಿತ್ ಅಂಡ್ ವೆಸನ್ ಕಂಪೆನಿಯ 340 ಪಿಡಿ ಮಾದರಿಯ ನಳಿಗೆಯ ಮೇಲೆಯೇ 120 ಗ್ರೇನಿಗಿಂತ ಕಡಿಮೆಯ ಗುಂಡು ಕೂಡದೆಂದು ಕೊರೆದಿದ್ದಾರೆ. ಹಗುರ ಗುಂಡಿನ ಮ್ಯಾಗ್ನಮ್ ತೋಟಾಗಳ ಉರಿಯುವ ಮದ್ದು ಟೈಟಾನಿಯಂ ಸಿಲಿಂಡರಿನ ಮೈಯನ್ನು ಕೊರೆದು ಸವೆಸುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಹಳೆಯ .38 ಸ್ಪೆಶಲ್ ತೋಟಾವೇ ಇಂತಹ ಪುಟ್ಟ ಆಯುಧಕ್ಕೆ ಮೇಲು. ಅದರ ಕೋಶ ಮ್ಯಾಗ್ನಮ್ಮಿನದಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗದಷ್ಟು ಗಿಡ್ಡ, ಆದುದರಿಂದ.357 ರಿವಾಲ್ವರಿನಲ್ಲಿ ಸರಾಗವಾಗಿ ಕೂರುತ್ತದೆ, ಒದೆತವೂ ಸೌಮ್ಯ. ಮ್ಯಾಗ್ನಮ್ಮೇ ಬೇಕೆಂಬ ಹಟವಾದಿಗೆ ಬಲ್ಲವರು ಹೇಳುವ ಪರೀಕ್ಷೆಯೊಂದಿದೆ. ಗುರಿಯಭ್ಯಾಸದ ಮೈದಾನದಲ್ಲಿ ಸಿಲಿಂಡರನ್ನು ತುಂಬಿ, ಒಂದನ್ನುಳಿದು ಮಿಕ್ಕೆಲ್ಲವನ್ನೂ ಹಾರಿಸಬೇಕು. ಉಳಿದ ತೋಟಾವನ್ನು ಹೊರತೆಗೆದು, ಹಾರಿಸದ ಹೊಸದೊಂದರ ಪಕ್ಕದಲ್ಲಿಟ್ಟು ಉದ್ದವನ್ನು ಅಳೆಯಬೇಕು. ಕೂದಲೆಳೆಯಷ್ಟು ಬೆಳೆದಿದ್ದರೂ ಆ ತೋಟಾಗಳ ಪೆಟ್ಟಿಗೆಯನ್ನು ಭಾರದ ಉಕ್ಕಿನ ರಿವಾಲ್ವರು ಉಳ್ಳವನಿಗೆ ಬಿಟ್ಟುಕೊಡುವುದೇ ಲೇಸು.